ಸಹಾಯ ಬೇಕು: ತಂಗಿಯ ಎಂಎಸ್ಸಿ ಫೀಸು, ತಾತನ ಹೆಸರಲ್ಲಿರುವ ಪಹಣಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರಿನ ಹತ್ತಿರ ಒಂದು ಹಳ್ಳಿ. ತಂಗಿಗೆ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಸೀಟು ಸಿಕ್ಕಿದೆ. ಮನೆಯಲ್ಲಿ ಎಲ್ಲರಿಗೂ ಖುಷಿ, ಫೀಸು ಕಟ್ಟುವ ದಿನ ನೆನೆದರೆ ಮಾತ್ರ ಯಾರೂ ಮಾತಾಡುವುದಿಲ್ಲ. ಕಬ್ಬು ಕಡಿದು ತಿಂಗಳುಗಳಾದವು, ಬಿಲ್ ಇನ್ನೂ ಬಂದಿಲ್ಲ. ನನ್ನ ಸಂಬಳ ಮನೆ ಖರ್ಚಿಗೇ ಸರಿಹೋಗುತ್ತದೆ.

ರೈತರ ಮಕ್ಕಳಿಗೆ ರಾಜ್ಯ ಸರ್ಕಾರ ಕೊಡುವ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್‌ನಲ್ಲಿ ಪಿಜಿ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000 ರೂಪಾಯಿ ಎಂದು ಘೋಷಿಸಿದ್ದರಲ್ಲ, ಅದಕ್ಕೆ ಅಪ್ಪನ ಎಫ್‌ಐಡಿ (ಜಮೀನಿನ ದಾಖಲೆ ನೋಡಿ ಕೊಡುವ ರೈತರ ಗುರುತಿನ ಸಂಖ್ಯೆ) ಬೇಕು. ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇವೆ. ಜಮೀನು ಇನ್ನೂ ತಾತನ ಹೆಸರಲ್ಲೇ ಇದೆ. ತಾತ ತೀರಿಕೊಂಡು ಒಂಬತ್ತು ವರ್ಷವಾಯಿತು, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು) ಮಾಡಿಸಿಲ್ಲ. ಉಳುವವರು ಅಪ್ಪ, ಪಹಣಿಯಲ್ಲಿ ತಾತ! ದೊಡ್ಡಪ್ಪ, ಅತ್ತೆಯರು ಎಲ್ಲರೂ ಸಹಿ ಹಾಕಬೇಕು. ಒಬ್ಬರು ಸುಮ್ನೆ ಮುನಿಸಿಕೊಂಡು ಕೂತಿದ್ದಾರೆ. (ಅದು ಬೇರೆಯದೇ ಕಥೆ, ಬಿಡಿ.) ಹೀಗಿದ್ದೂ ಈ ಹಣ ಪಡೆದವರು ಇಲ್ಲಿ ಯಾರಾದರೂ ಇದ್ದೀರಾ? ಪೌತಿ ಖಾತೆಗೆ ನಿಜವಾಗಿ ಎಷ್ಟು ದಿನ ಹಿಡಿಯಿತು?

ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿದ್ದಾಗಿದೆ. ತಂಗಿಯ ಖಾತೆಗೆ ಆಧಾರ್ ಸೀಡಿಂಗ್ ಕೂಡ ಆಗಿದೆ. ಆದರೆ ಸ್ಕಾಲರ್‌ಶಿಪ್ ಹಣ ಬರುವುದು ಆಮೇಲೆ, ಫೀಸು ಕಟ್ಟಬೇಕಾದದ್ದು ಈಗ, ಅಲ್ವಾ?

ಅದಕ್ಕೇ ಶಿಕ್ಷಣ ಸಾಲ ಕೇಳಲು ಬ್ಯಾಂಕಿಗೆ ಹೋದೆ. 4 ಲಕ್ಷದವರೆಗೆ ಅಡಮಾನ ಬೇಡ ಎಂದು ಓದಿಕೊಂಡೇ ಹೋಗಿದ್ದೆ. ಆದರೂ ಅಲ್ಲಿನವರು ಜಮೀನಿನ ಪತ್ರ ತನ್ನಿ ಎಂದರು. ಮತ್ತೆ ಅದೇ ತಾತನ ಪಹಣಿ! ಮಂಡ್ಯ ಅಥವಾ ಮೈಸೂರಿನಲ್ಲಿ ಇತ್ತೀಚೆಗೆ ಅಡಮಾನವಿಲ್ಲದೆ ಸಾಲ ಪಡೆದವರಿದ್ದರೆ ಹೇಗೆ ಕೇಳಿದಿರಿ, ಏನೇನು ಕಾಗದ ಕೊಟ್ಟಿರಿ, ದಯವಿಟ್ಟು ತಿಳಿಸಿ.

ದುಡ್ಡು ಕೇಳುತ್ತಿಲ್ಲ, ದಾರಿ ಗೊತ್ತಿದ್ದರೆ ಹೇಳಿ ಸಾಕು.