ಆಸ್ಟರಿಸ್ಕ್: ಯಾರ ಕರೆ ಎಂದು ನೋಡಿ ಅವರವರ ಹುಡುಗನಿಗೇ ಕೊಡೋದು ಹೇಗೆ?

ಮೂಡಿಗೆರೆ ನರ್ಸರಿ
ಮೂಡಿಗೆರೆ ಹತ್ತಿರ ನಮ್ಮದು ಕಾಫಿ, ಮೆಣಸಿನ ಸಸಿ ನರ್ಸರಿ. ಹಳೇ ಕಂಪ್ಯೂಟರಿನಲ್ಲಿ ಆಸ್ಟರಿಸ್ಕ್ (ಕಂಪ್ಯೂಟರನ್ನೇ ಟೆಲಿಫೋನ್ ಎಕ್ಸ್‌ಚೇಂಜ್ ಮಾಡುವ ಸಾಫ್ಟ್‌ವೇರ್) ಹಾಕಿದ್ದೇನೆ, ನಾಲ್ಕು ಫೋನ್ ಇವೆ. ಆರಿದ್ರಾ ಮಳೆ ಹಿಡಿದರೆ ಸಸಿ ಕೇಳುವವರ ಕರೆ ನಿಲ್ಲುವುದೇ ಇಲ್ಲ. ಕೊಟ್ಟಿಗೆಹಾರ ಕಡೆಯವರಿಗೆ ಒಬ್ಬ ಹುಡುಗ, ಗೋಣಿಬೀಡು ಕಡೆಯವರಿಗೆ ಇನ್ನೊಬ್ಬ. ಆದರೆ ಈಗ ಯಾರೇ ಮಾಡಲಿ, ನಾಲ್ಕೂ ಫೋನ್ ಒಟ್ಟಿಗೆ ಹೊಡೆದುಕೊಳ್ಳುತ್ತವೆ. ಚಂದ್ರಗಿರಿ ತಳಿಯ ಕಾಫಿ ಸಸಿ ಬುಕ್ ಮಾಡಿದ್ದ ಹಿರಿಯರೊಬ್ಬರು ಮೊನ್ನೆ ಮೂರು ಸಲ ಮಾಡಿ, ಮೂರು ಜನಕ್ಕೆ ಮೊದಲಿಂದ ವಿಷಯ ಹೇಳಬೇಕಾಯ್ತು. ತುಂಬಾ ಬೇಜಾರಾಯ್ತು ನನಗೆ. ಡಯಲ್‌ಪ್ಲಾನಿನಲ್ಲಿ (ಬಂದ ಕರೆ ಎಲ್ಲಿಗೆ ಹೋಗಬೇಕೆಂದು ಬರೆದಿಡುವ ಫೈಲು) ನಂಬರಿಗೊಂದು ಸಾಲು ಬರೆಯುತ್ತಾ ಹೋದೆ. ನಲವತ್ತು ದಾಟುವಷ್ಟರಲ್ಲಿ ಯಾವ ಸಾಲು ಯಾರದ್ದೆಂದು ನನಗೇ ತಿಳಿಯದಾಯ್ತು. ಬೇರೆ ದಾರಿ ಇದೆಯಾ?

ಹಾಸನದ ವೈರಿಂಗ್
ನಂಬರುಗಳು ಡಯಲ್‌ಪ್ಲಾನಿನಲ್ಲಿ ಇರಲೇಬಾರದು. ಆಸ್ಟರಿಸ್ಕ್ ಒಳಗೇ ಆಸ್ಟ್‌ಡಿಬಿ ಎಂಬ ಪುಟ್ಟ ಡೇಟಾಬೇಸ್ ಇದೆ, ಸರ್ವರ್ ಆಫ್ ಆಗಿ ಬಂದರೂ ಅದರಲ್ಲಿದ್ದದ್ದು ಉಳಿಯುತ್ತದೆ. ಬೆಳೆಗಾರರ ನಂಬರ್ ಒಂದು ಕಡೆ, ಹುಡುಗನ ಎಕ್ಸ್‌ಟೆನ್ಷನ್ (ಅವನ ಫೋನಿನ ಒಳ ನಂಬರ್) ಇನ್ನೊಂದು ಕಡೆ. ಕರೆ ಬಂದಾಗ ಡಿಬಿ ಫಂಕ್ಷನ್ ಹಾಕಿ ಓದಿ. ಸಿಕ್ಕಿದರೆ ಅವನಿಗೆ 20 ಸೆಕೆಂಡ್ ಡಯಲ್, ಎತ್ತದಿದ್ದರೆ ಎಲ್ಲರಿಗೂ. ಸಿಗದಿದ್ದರೆ ನೇರ ಎಲ್ಲರಿಗೂ. ಹೊಸಬರನ್ನು ಸೇರಿಸಲು ಕನ್ಸೋಲಿನಲ್ಲಿ 'ಡೇಟಾಬೇಸ್ ಪುಟ್' ಕೊಟ್ಟರೆ ಆಯ್ತು, ರೀಲೋಡ್ ಕೂಡ ಬೇಡ. ಇಷ್ಟಕ್ಕೆ ಎಜಿಐ ಸ್ಕ್ರಿಪ್ಟ್ (ಆಸ್ಟರಿಸ್ಕ್ ಹೊರಗಿನಿಂದ ಓಡಿಸುವ ಪ್ರೋಗ್ರಾಂ) ಬರೆಯಬೇಡಿ. ಸುಮ್ನೆ ಪ್ರತಿ ಕರೆಗೂ ಒಂದು ಹೊಸ ಪ್ರೋಸೆಸ್ ಏಳುತ್ತದೆ.

ಆಲ್ದೂರು
ಒಂದೇ ನಂಬರ್ ಒಮ್ಮೆ ಸೊನ್ನೆ ಹಾಕಿಕೊಂಡು, ಒಮ್ಮೆ +91 ಹಾಕಿಕೊಂಡು ಬರುತ್ತದೆ. ಕಾಲರ್ ಐಡಿಯ ಕೊನೆಯ 10 ಅಂಕಿ ಮಾತ್ರ ಕತ್ತರಿಸಿ ಹುಡುಕಿ. ನಾನು ಇದರಲ್ಲೇ ಎರಡು ದಿನ ಕಳೆದಿದ್ದೆ.

ಮೂಡಿಗೆರೆ ನರ್ಸರಿ
ಇಬ್ಬರಿಗೂ ಥ್ಯಾಂಕ್ಸ್, ಕೆಲಸ ಮಾಡ್ತಿದೆ! ಒಂದೇ ತೊಂದರೆ. ನಿನ್ನೆ ಮಳೆಗೆ ಗೋಣಿಬೀಡು ಹುಡುಗನ ಮನೆಯಲ್ಲಿ ಕರೆಂಟ್ ಹೋಗಿ ಅವನ ಫೋನ್ ಆಫ್ ಆಗಿತ್ತು. ಆದರೂ ಸರ್ವರ್ ಪೂರ್ತಿ 20 ಸೆಕೆಂಡ್ ಅವನಿಗೇ ಕಾಯುತ್ತಿತ್ತು. ಅಷ್ಟರಲ್ಲಿ ಕೆಲವರು ಇಟ್ಟೇಬಿಟ್ಟರು.

ಹಾಸನದ ವೈರಿಂಗ್
ಫೋನ್ ಸರ್ವರಿನಲ್ಲಿ ಹೆಸರು ನೋಂದಾಯಿಸಿಕೊಂಡ (ರಿಜಿಸ್ಟ್ರೇಷನ್) ಅವಧಿ ಮುಗಿಯುವವರೆಗೆ ಫೋನ್ ಇದೆ ಎಂದೇ ಸರ್ವರ್ ನಂಬಿರುತ್ತದೆ. ಫೋನುಗಳನ್ನು ಜೋಡಿಸಿರುವುದು ಪಿಜೆಸಿಪ್ ಎಂಬ ಆಸ್ಟರಿಸ್ಕ್ ಭಾಗದಿಂದ ತಾನೇ? ಎಓಆರ್‌ನಲ್ಲಿ (ಆ ಫೋನ್ ಎಲ್ಲಿ ಸಿಗುತ್ತದೆಂದು ಇಡುವ ಸೆಟ್ಟಿಂಗ್) 'ಕ್ವಾಲಿಫೈ ಫ್ರೀಕ್ವೆನ್ಸಿ' 30 ಮಾಡಿ, ಆಗ 30 ಸೆಕೆಂಡಿಗೊಮ್ಮೆ ಫೋನ್ ಇದೆಯಾ ಎಂದು ಸರ್ವರ್ ಕೇಳುತ್ತದೆ. ಡೀಫಾಲ್ಟ್ ಸೊನ್ನೆ, ಅಂದರೆ ಕೇಳುವುದೇ ಇಲ್ಲ. ಉತ್ತರ ಬರದ ಫೋನನ್ನು ಬಿಟ್ಟು ಡಯಲ್ ತಕ್ಷಣ ಮುಂದಿನ ಸಾಲಿಗೆ ಹೋಗುತ್ತದೆ.

ಮೂಡಿಗೆರೆ ನರ್ಸರಿ
ಮಾಡಿದೆ. ಅವನ ಫೋನಿನ ವೈರ್ ಕಿತ್ತು, ಒಂದು ನಿಮಿಷ ಬಿಟ್ಟು ನಾನೇ ಕರೆ ಮಾಡಿ ನೋಡಿದೆ. ತಡವಿಲ್ಲದೆ ಉಳಿದ ಮೂರೂ ಹೊಡೆದವು. ಚಂದ್ರಗಿರಿ ಸಸಿಯ ಹಿರಿಯರ ನಂಬರನ್ನೇ ಮೊದಲು ಸೇರಿಸಿದ್ದೇನೆ.