ಫಾರ್ಮಿಂಗ್ ಸಿಮ್ಯುಲೇಟರ್ 25: ಹಸು ಒಂದೊಂದೇ ಕಾಣೆಯಾಗ್ತಿವೆ, ಯಾರಿಗಾದ್ರೂ ಹೀಗಾಗಿದ್ಯಾ?

ಕುಂದವಾಡ_ಕೆರೆದಂಡೆ (ದಾವಣಗೆರೆ): ತಲೆ ಕೆಟ್ಟುಹೋಗಿದೆ. ನಿನ್ನೆ ಕೊಟ್ಟಿಗೆಯಲ್ಲಿ 14 ಹಸು ಇದ್ದವು. ಗೇಮಲ್ಲಿ ಮಲಗಿ ಎದ್ದರೆ 11. ಇವತ್ತು 9. ಮಾರಿಲ್ಲ, ಮೇವು ತಪ್ಪಿಸಿಲ್ಲ, ಎಲ್ಲಾ ಸರಿಯಾಗೇ ಇದೆ. ಬ್ಯಾಂಕಿನ ಸಾಲ ಬೇರೆ ಬಾಕಿ. ಏನು ಮಾಡಲಿ?

ಟಿಎಂಆರ್_ಗುರು: ಮೇವಿಂದೇ ಸಮಸ್ಯೆ. ಬರೀ ಹಸಿಹುಲ್ಲು ಹಾಕ್ತಿರಬೇಕು. ಒಣಹುಲ್ಲು, ಸೈಲೇಜ್ (ಹುಳಿ ಬರಿಸಿದ ಹಸಿಮೇವು), ಗೋಧಿ ಹುಲ್ಲು ಮಿಕ್ಸರ್ ವ್ಯಾಗನ್ನಲ್ಲಿ ಕಲಸಿ ಹಾಕಿ.

ಕುಂದವಾಡ_ಕೆರೆದಂಡೆ: ಅದನ್ನೇ ಹಾಕ್ತಿರೋದು ಸಾರ್. ಪರದೆ ಮೇಲಿನ ಮೇವಿನ ಪಟ್ಟಿ ಹಸಿರಾಗೇ ಇದೆ.

ಟಿಎಂಆರ್_ಗುರು: ಹಾಗಾದ್ರೆ ಪ್ರಮಾಣ ತಪ್ಪಿದೆ. ಸ್ಕ್ರೀನ್‌ಶಾಟ್ ಹಾಕಿ.

ಏಳುಸುತ್ತಿನ_ಹುಡುಗ (ಚಿತ್ರದುರ್ಗ): ಗುರುಗಳೇ, ಮೇವಿಲ್ಲದಿದ್ರೆ ಆರೋಗ್ಯ ಇಳಿಯುತ್ತೆ, ಹಾಲು ನಿಲ್ಲುತ್ತೆ. ಹಸು ಸಾಯಲ್ಲ. 2021ರಲ್ಲಿ ಬಂದ ಹಿಂದಿನ ಗೇಮು, ಫಾರ್ಮಿಂಗ್ ಸಿಮ್ಯುಲೇಟರ್ 22ರಲ್ಲೂ ಸಾಯ್ತಿರಲಿಲ್ಲ.

ಮಂಡಕ್ಕಿ_ಮಿರ್ಚಿ: ರಾತ್ರಿ ಬಾಗಿಲು ಹಾಕಿದ್ರಾ? ನಾನಾಡೋ ಸ್ಟಾರ್‌ಡ್ಯೂ ವ್ಯಾಲಿ ಗೇಮಲ್ಲಿ ಹಸು ಹೊರಗೇ ಉಳಿದು ಬಾಗಿಲು ಮುಚ್ಚಿದ್ರೆ ಕಾಡುಪ್ರಾಣಿ ಹಿಡಿಯುತ್ತೆ. ನನ್ನ ಎರಡು ಹೋಗಿವೆ.

ಟಿಎಂಆರ್_ಗುರು: ಅದು ಕೃಷಿ ಗೇಮಾ? ಮೀನು ಹಿಡಿದು ಮದುವೆ ಆಗೋ ಗೇಮು.

ಮಂಡಕ್ಕಿ_ಮಿರ್ಚಿ: ನಿಮ್ಮದು ಟ್ರ್ಯಾಕ್ಟರ್ ಶೋರೂಮು ಬಿಡಿ. 2003ರ ಹಾರ್ವೆಸ್ಟ್ ಮೂನ್: ಎ ವಂಡರ್‌ಫುಲ್ ಲೈಫ್‌ನಲ್ಲೇ ಹಾಲು ಬತ್ತಿದ ಹಸುವಿಗೆ ಮತ್ತೆ ಕರು ಹಾಕಿಸಬೇಕಿತ್ತು. ನಿಜವಾದ ದನದ ಲೆಕ್ಕ ಅದು.

ಚಳ್ಳಕೆರೆ_ಕಂಬಳಿ: ನಮ್ಮ ಕಡೆ ದೇವರ ಎತ್ತುಗಳನ್ನು ಮಾರಲ್ಲ. ಮುದಿಯಾಗಿ ಸತ್ತರೆ ಮಣ್ಣು ಮಾಡ್ತಾರೆ. ಗೇಮಲ್ಲಿ ಮುದಿ ದನಾನೇ ಇಲ್ಲ ಅಂತ ನನಗೆ ಮೊದಲಿಂದ ಬೇಜಾರು. ಅದಿರಲಿ ಅಣ್ಣ, ಹಸು ಹೋದಾಗ ಪರದೆ ಮೇಲೆ ಏನಾದ್ರೂ ಬಂತಾ?

ಕುಂದವಾಡ_ಕೆರೆದಂಡೆ: ಹೂಂ, ಮೂಲೆಯಲ್ಲಿ ವಯಸ್ಸಾಗಿ ಸತ್ತಿದೆ ಅಂತ ಇಂಗ್ಲಿಷ್ನಲ್ಲಿ ಬಂತು. ಅದು ಮಾಮೂಲಿ ಅಲ್ವಾ?

ಏಳುಸುತ್ತಿನ_ಹುಡುಗ: ಅಯ್ಯೋ, ಅದನ್ನ ಮೊದಲೇ ಹೇಳಬಾರದಾ! ಮೂಲ ಗೇಮಲ್ಲಿ ಆ ಸಾಲೇ ಇಲ್ಲ. ಯಾವ ಮಾಡ್ (ಗೇಮಿಗೆ ಹೊರಗಿಂದ ಸೇರಿಸೋ ಫೈಲು) ಹಾಕಿದ್ದೀರಿ?

ಕುಂದವಾಡ_ಕೆರೆದಂಡೆ: ಏನೂ ಇಲ್ಲ. ಒಂದು ಮ್ಯಾಪು, ಎರಡು ಟ್ರೈಲರ್. ಆಮೇಲೆ ಅಣ್ಣನ ಮಗ ರಜೆಗೆ ಬಂದಾಗ ದನದ್ದೇನೋ ಒಂದು ಹಾಕಿದ್ದ. ತಳಿ, ತೂಕ ಎಲ್ಲ ತೋರಿಸುತ್ತೆ. ಅದು ಲೆಕ್ಕಕ್ಕಿಲ್ಲ ಅಲ್ವಾ?

ಏಳುಸುತ್ತಿನ_ಹುಡುಗ: ಅದೇ ಲೆಕ್ಕ! ದನಕ್ಕೆ ವಯಸ್ಸಾಗೋದು ತಿಂಗಳ ಲೆಕ್ಕದಲ್ಲಿ. ನೀವೇನೂ ಬದಲಿಸದಿದ್ರೆ ಗೇಮಿನ ಒಂದು ದಿನವೇ ಒಂದು ತಿಂಗಳು. 150 ದಿನ ಆಡಿದ್ರೆ ಹನ್ನೆರಡೂವರೆ ವರ್ಷ ಆಯ್ತು. ಹಸುಗಳನ್ನ ಒಟ್ಟಿಗೆ ತಂದಿದ್ರೆ ಒಟ್ಟಿಗೇ ಮುದಿಯಾಗ್ತವೆ. ಮೊದಲು ಸೇವ್ ಫೋಲ್ಡರ್ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ಮಾಡ್‌ನ ಸೆಟ್ಟಿಂಗಲ್ಲಿ ಸಾವು ಆಫ್ ಮಾಡೋ ಆಯ್ಕೆ ಇದೆಯಾ ನೋಡಿ. ಇಲ್ಲದಿದ್ರೆ ತಿಂಗಳಿಗೆ ಮೂರು ದಿನ ಮಾಡಿ, ಮುದಿತನ ನಿಧಾನ ಆಗುತ್ತೆ. ಮಾಡನ್ನ ಸುಮ್ನೆ ಕಿತ್ತು ಹಾಕಬೇಡಿ.

ಟಿಎಂಆರ್_ಗುರು: ಆದ್ರೂ ಒಮ್ಮೆ ಮಿನರಲ್ ಫೀಡ್ ಸೇರಿಸಿ ನೋಡಿ.

ಬಾಡಾ_ಕ್ರಾಸ್: ನೀವಿನ್ನೂ ಕೀಬೋರ್ಡಲ್ಲೇ ಆಡ್ತಿದ್ದೀರಾ? ನಾನು ಗೇಮಿಗಂತಲೇ ಇರೋ ಜಿ29 ಸ್ಟೀರಿಂಗ್ ವೀಲನ್ನ ಅಮ್ಮನ ಹಳೇ ಹೊಲಿಗೆ ಮಿಷನ್ ಟೇಬಲ್ಗೆ ಬಿಗಿದಿದ್ದೀನಿ. ಪೆಡಲ್ ಜಾರದ ಹಾಗೆ ಹಿಂದೆ ಮೆಕ್ಕೆಜೋಳದ ಚೀಲ. ಮೂರು ಪರದೆ.

ಕುಂದವಾಡ_ಕೆರೆದಂಡೆ: ಆಯ್ಕೆ ಸಿಕ್ತು, ಆಫ್ ಮಾಡಿದೆ. ಎರಡು ಸಲ ಮಲಗಿ ಎದ್ದೆ, 9 ಹಾಗೇ ಇವೆ. ಅಣ್ಣನ ಮಗನಿಗೆ ಫೋನ್ ಮಾಡಿದ್ರೆ ಎತ್ತುತ್ತಿಲ್ಲ.

ಮಂಡಕ್ಕಿ_ಮಿರ್ಚಿ: ಬಾಡಾ ಅವರೇ, ಹೊಲಿಗೆ ಟೇಬಲ್ ಫೋಟೋ ಹಾಕಿ. ಪೆಡಲ್ ನಂದೂ ಜಾರುತ್ತೆ.