ಕಿವಿಯಿರುವ ಗೋಡೆಗೆ ಬಾಯಿಯೂ ಬೇಕೆ?

ಕಾಸರಗೋಡು ಕಡೆಯ ಪೆರ್ಲದ ಭಾವನ ಹೊಸ ಮನೆಯ ಗೋಡೆ ಕಿಟಕಿಯ ಮಟ್ಟಕ್ಕೆ ಏರಿದ ಮೇಲೆ ನಮ್ಮ ಸಂಜೆಯ ಹರಟೆಗೆ ಅಡಿಕೆಯ ಧಾರಣೆಯೂ ಬೇಡ, ಕೊಳೆರೋಗವೂ ಬೇಡ. ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆಯಲ್ಲಿ ಬಡಿಸಲು ಒಂದು ಕಿಂಡಿ ಬಿಡಬೇಕೋ ಬೇಡವೋ ಎಂಬುದೊಂದೇ ವಿಷಯ.

ನಕ್ಷೆಯಲ್ಲಿ ಕಿಂಡಿ ಇದೆ. ಬರೆದವನು ಭಾವನ ಅಳಿಯ, ಬೆಂಗಳೂರಿನಲ್ಲಿ ಎಂಜಿನಿಯರು. ಮೂರಡಿ ಅಗಲ, ಎರಡಡಿ ಎತ್ತರ. ಭಾವನಿಗೆ ಸಿಟ್ಟು. "ನನ್ನ ಮನೆಯಲ್ಲಿ ನಾನೇ ರೇಷನ್ ಅಂಗಡಿಯ ಮುಂದೆ ನಿಂತಂತೆ ಕೈಯೊಡ್ಡಿ ನಿಲ್ಲಬೇಕೆ?"

"ನಿಂತರೆ ತಪ್ಪೇನು? ಇಷ್ಟು ವರ್ಷ ಕುಳಿತದ್ದಾಯಿತಲ್ಲ" ಎಂದರು ಅತ್ತಿಗೆ.

ನಿವೃತ್ತ ಮಾಷ್ಟ್ರು ಇಂಥ ಹೊತ್ತಿಗೇ ಕನ್ನಡಕ ಒರೆಸುವುದು. "ನೋಡಿ ಭಾವ, ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ ಮೊಂಟಿಚೆಲ್ಲೊ ಮನೆಯಲ್ಲಿ ಊಟದ ಕೋಣೆಯ ತಿರುಗುವ ಬಾಗಿಲಿಗೇ ಹಲಗೆಗಳನ್ನು ಹೊಡೆಸಿದ್ದ. ಆಚೆಯಿಂದ ಪಾತ್ರೆ ಇಟ್ಟು ತಿರುಗಿಸಿದರೆ ಊಟ ಈಚೆಗೆ. ನೆಲಮಾಳಿಗೆಯಿಂದ ವೈನ್ ಬಾಟಲಿ ಏರಿ ಬರಲು ಬೆಂಕಿಗೂಡಿನ ಪಕ್ಕದಲ್ಲೇ ಪುಟ್ಟ ಲಿಫ್ಟು."

"ಅಷ್ಟು ಸೋಮಾರಿಯೇ?"

"ಸೋಮಾರಿತನವಲ್ಲ, ಹೆದರಿಕೆ. ಬಡಿಸುವವರು ಅವನ ಗುಲಾಮರು. ಅವರು ಕೋಣೆಯಲ್ಲಿ ನಿಂತರೆ ಊಟದ ಹೊತ್ತಿನ ರಾಜಕೀಯವೆಲ್ಲ ಹೊರಗೆ ಹೋಗುತ್ತದೆ ಎಂದು."

"ಬೆಂದದ್ದು ಒಳಗೆ ಬರಬೇಕು, ಬೇಯಿಸಿದವರು ಬರಬಾರದು. ಜಾಣ" ಎಂದು ಅತ್ತಿಗೆ ಅಡಿಕೆ ಕತ್ತರಿಸಿದ ಸದ್ದಿಗೆ ಮಾಷ್ಟ್ರು ಮುಂದಿನ ವಾಕ್ಯವನ್ನು ಮರೆತರು.

ಅಳಿಯ ಮೊಬೈಲಿನಲ್ಲಿ ಚಿತ್ರ ತೋರಿಸಿದ. 1926ರ ಫ್ರಾಂಕ್‌ಫರ್ಟ್ ಅಡುಗೆಮನೆ. ಮಾರ್ಗರೆಟ್ ಶೂಟ್ಟೆ-ಲಿಹೋಟ್ಸ್ಕಿ ಎಂಬಾಕೆ ಹೆಜ್ಜೆ ಲೆಕ್ಕ ಹಾಕಿ ಮಾಡಿದ್ದು. ಅಗಲ 1.9 ಮೀಟರು, ಉದ್ದ 3.4 ಮೀಟರು. ಪಕ್ಕದ ಕೋಣೆಗೆ ಜಾರುವ ಬಾಗಿಲು, ಸಾರು ಕುದಿಸುತ್ತಲೇ ಮಕ್ಕಳ ಮೇಲೆ ಕಣ್ಣಿಡಬಹುದು. 1952ರಲ್ಲಿ ಮುಗಿದ, ಫ್ರಾನ್ಸಿನ ಮಾರ್ಸೇಲ್‌ನ ದೊಡ್ಡ ವಸತಿ ಕಟ್ಟಡದಲ್ಲಂತೂ ವಿನ್ಯಾಸಕಿ ಶಾರ್ಲೊಟ್ ಪೆರಿಯಾಂ ಅಡುಗೆಮನೆಯನ್ನು ಕೋಣೆಯ ಕಡೆಗೇ ತೆರೆದಿಟ್ಟು, ನಡುವೆ ಪಾತ್ರೆ ದಾಟಿಸುವ ಕಟ್ಟೆ ಮಾತ್ರ ಉಳಿಸಿದರು. ಬೇಯಿಸುವವಳೂ ಮಾತಿಗೆ ಸೇರಲಿ ಎಂದು.

"ಆ ಮಾರ್ಸೇಲಿನವರು ಒಣಮೆಣಸು, ಸಾಸಿವೆ, ಇಂಗಿನ ಒಗ್ಗರಣೆ ಹಾಕುತ್ತಾರೆಯೇ?" ಎಂದು ಭಾವ ಕೇಳಿದ. ಈ ಒಂದು ಮಾತಿನಲ್ಲಿ ಭಾವನದೇ ಸರಿ. ಗೋಡೆಯೇ ಇಲ್ಲದ ಅಡುಗೆಮನೆ ಫೋಟೋದಲ್ಲಿ ಚಂದ. ನಮ್ಮ ಒಗ್ಗರಣೆಯ ಘಾಟಿಗೆ ಬಂದ ನೆಂಟರು ಕುಶಲ ಕೇಳುವ ಮೊದಲೇ ಕೆಮ್ಮತೊಡಗುತ್ತಾರೆ.

ಆದರೆ ಕಿಂಡಿಯಲ್ಲಿ ಘಾಟಿಗಿಂತ ಸಲೀಸಾಗಿ ದಾಟುವುದು ಮಾತು. ನೀರ್ಚಾಲಿನ ನನ್ನ ಚಿಕ್ಕಪ್ಪನ ಮನೆಯಲ್ಲಿ ಕಿಂಡಿ ಇದೆ. ಬೆಳಿಗ್ಗೆ ನೀರುದೋಸೆ. ಕಾವಲಿಯಿಂದ ಎದ್ದ ದೋಸೆ ನಾಲ್ಕು ಮಡಿಕೆಯಾಗಿ, ಅಂಚಿನಲ್ಲಿ ಇನ್ನೂ ಹಬೆಯಾಡುತ್ತ, ಬಳೆ ತೊಟ್ಟ ಕೈಯೊಂದರ ಜೊತೆ ಕಿಂಡಿಯಲ್ಲಿ ಕಾಣಿಸುತ್ತದೆ. ಹಿಂದೆಯೇ ಬೆಲ್ಲ ಕಲಸಿದ ತೆಂಗಿನತುರಿ. ಚಿಕ್ಕಪ್ಪ ನೆಂಟರ ಕಿವಿಯಲ್ಲಿ, "ನಿನ್ನೆಯ ಮೆಣಸುಕಾಯಿ ಗೊಜ್ಜು ಉಪ್ಪಿನ ಗದ್ದೆಯಾಗಿತ್ತು, ನಾನಾದ್ದರಿಂದ ಉಂಡೆ" ಎಂದು ಪಿಸುಗುಟ್ಟಿದರು. ಮುಂದಿನ ದೋಸೆ ನೆಂಟರಿಗೆ ಬಂತು. ಅದರ ಮುಂದಿನದೂ ನೆಂಟರಿಗೇ. ಚಿಕ್ಕಪ್ಪನ ಸರದಿಗೆ ಕಿಂಡಿಯಿಂದ ಬಂದದ್ದು ಉಪ್ಪಿನ ಮರಿಗೆ. ಜೆಫರ್ಸನ್ ಯಾವುದಕ್ಕೆ ಹೆದರಿದ್ದನೋ ಅದು ನಮ್ಮ ಸೀಮೆಯಲ್ಲಿ ದಿನವೂ ನಡೆಯುತ್ತದೆ.

ಮಾಷ್ಟ್ರಿಗೆ ಬೇರೆ ಚಿಂತೆ. "ತಿಥಿ, ಪೂಜೆ ಎಂದರೆ ನೆಲದಲ್ಲಿ ಪಂಕ್ತಿ. ಕಿಂಡಿಯಿಂದ ಕೈಚಾಚಿ ಎಲೆಯ ತುದಿಗೆ ಉಪ್ಪು ಬಡಿಸಲಾದೀತೆ? ನಡೆದೇ ಬಡಿಸಬೇಕು."

"ವರ್ಷಕ್ಕೆ ಎಷ್ಟು ತಿಥಿ ಮಾಷ್ಟ್ರೇ?" ಎಂದರು ಅತ್ತಿಗೆ. "ಉಳಿದ ದಿನ ಸಾರು ಇಟ್ಟು ಬಾಗಿಲು ಸುತ್ತಿ ಬಂದರೆ ಮಜ್ಜಿಗೆ ಎನ್ನುತ್ತಾರೆ, ಮಜ್ಜಿಗೆ ತಂದರೆ ಉಪ್ಪಿನಕಾಯಿ ಎನ್ನುತ್ತಾರೆ. ಕಿಂಡಿ ಇರಲಿ. ಉಂಡ ತಟ್ಟೆಗಳನ್ನು ಉಂಡವರೇ ಅಲ್ಲಿಂದ ಒಳಗೆ ಕೊಟ್ಟರಾಯಿತು."

"ಎಂಜಲು ತಟ್ಟೆ ಅನ್ನ ಬಂದ ದಾರಿಯಲ್ಲೇ ಹಿಂದೆ ಹೋಗುವುದೇ!" ಮಾಷ್ಟ್ರು ಬೆಚ್ಚಿದರು.

"ಹಾಗಾದರೆ ಹೊರಗಿನ ನಲ್ಲಿಯಲ್ಲಿ ನೀವೇ ತೊಳೆದು ಕೊಡಿ. ಮುಸುರೆಯ ಪ್ರಶ್ನೆಯೇ ಇಲ್ಲ."

ಭಾವ ಆಕಾಶ ನೋಡಿದ. ಮಳೆಯ ಲಕ್ಷಣವಿರಲಿಲ್ಲ.

ಇನ್ನು ಲೆಕ್ಕ. ಒಲೆಕಟ್ಟೆ ಹೆಚ್ಚುಕಡಿಮೆ 34 ಇಂಚು, ಊಟದ ಮೇಜು 30. ಕಿಂಡಿಯ ತಳ ಕಟ್ಟೆಗಿಂತ ತುಸು ಮೇಲಿರಬೇಕು, ಇಲ್ಲದಿದ್ದರೆ ತೊಳೆದ ನೀರು ಮೇಜಿನ ಕಡೆಗೆ ಇಳಿಯುತ್ತದೆ. ಮುರಕಲ್ಲಿನ ಗೋಡೆ ದಪ್ಪ, ಪಾತ್ರೆ ಇಡಲು ಬೇರೆ ಹಲಗೆ ಬೇಡ. ಮೇಲೆ ಲಿಂಟಲು ಬೇಕೇ ಬೇಕು. ಘಾಟಿಗೆ ಒಂದು ಕದ. ಇದೆಲ್ಲ ಬೇಗ ಒಪ್ಪಿಗೆಯಾಯಿತು.

ಮೇಸ್ತ್ರಿ ಪೆನ್ಸಿಲು ಹಿಡಿದು ಮಲಯಾಳದಲ್ಲಿ ಒಂದೇ ಪ್ರಶ್ನೆ ಕೇಳಿದ. ಕದದ ಚಿಲಕ ಯಾವ ಬದಿಗೆ?

"ಈ ಬದಿಗೆ" ಎಂದರು ಭಾವ, ಅತ್ತಿಗೆ ಇಬ್ಬರೂ, ಗೋಡೆಯ ಆಚೆ ಒಬ್ಬರು, ಈಚೆ ಒಬ್ಬರು ನಿಂತು.

ಮೇಸ್ತ್ರಿ ಭಾವನ ಮುಖ ನೋಡಲೇ ಇಲ್ಲ, ಅಡುಗೆಮನೆಯ ಬದಿಗೆ ಗುರುತು ಹಾಕಿದ. ಹನ್ನೊಂದು ಗಂಟೆಯ ಚಹಾ ಎಲ್ಲಿಂದ ಬರುತ್ತದೆ ಎಂಬುದು ಅವನಿಗೆ ಗೊತ್ತಿದೆ.